ಮೊದಲ ಪಂದ್ಯದ ತಾರೀಖು ಹೇಳಿ ಸಾರ್: ಫುಟ್‌ಬಾಲ್ ಫೆಡರೇಷನ್‌ಗೆ ಬೆಂಗಳೂರಿನ ಅಭಿಮಾನಿಯ ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರು,
ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್,
ನವದೆಹಲಿ

ಬೆಂಗಳೂರು, ಜನವರಿ 2026

ಮಾನ್ಯರೇ,

ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೆಬ್ರುವರಿ 14ಕ್ಕೆ ಶುರುವಾಗುತ್ತದೆ ಎಂದು ಕೇಂದ್ರ ಕ್ರೀಡಾ ಸಚಿವರು ಈ ತಿಂಗಳು ಹೇಳಿದರು. 14 ತಂಡ, 91 ಪಂದ್ಯ. ಒಂದು ತಂಡದ ಎದುರು ಒಂದೇ ಸಲ ಆಟ. ಸುದ್ದಿ ಬಂದ ಕೂಡಲೇ ನಮ್ಮ ಸ್ಟ್ಯಾಂಡಿನವರ ವಾಟ್ಸಾಪ್ ಗ್ರೂಪ್ ಎದ್ದು ಕೂತಿತು. ಖುಷಿ ಇತ್ತು, ಇಲ್ಲ ಅನ್ನಲ್ಲ. ಆದರೆ ಖುಷಿಗಿಂತ ಪ್ರಶ್ನೆಗಳೇ ಜಾಸ್ತಿ ಬಂದವು. ನಮ್ಮ ಮೊದಲ ಪಂದ್ಯ ಯಾವತ್ತು? ಯಾರ ಜೊತೆ? ಕಂಠೀರವದಲ್ಲಾ, ಬೇರೆ ಊರಲ್ಲಾ? ಒಬ್ಬರು, 'ಟಿಕೆಟ್ ದುಡ್ಡು ಎತ್ತಿಟ್ಟಿದ್ದೇನೆ, ಯಾವತ್ತಿಗೆ ಅಂತ ಮಾತ್ರ ಗೊತ್ತಿಲ್ಲ' ಎಂದು ಹಾಕಿದ್ದರು. ಅದಕ್ಕೆ ಈ ಪತ್ರ.

ನಾವು ಬೆಂಗಳೂರು ಎಫ್‌ಸಿ ಅಭಿಮಾನಿಗಳು. ಕಂಠೀರವದಲ್ಲಿ ಕೊನೆಯ ಸಲ ಲೀಗ್ ಆಟ ನೋಡಿದ್ದು 2025ರ ಏಪ್ರಿಲ್ 2ರಂದು. ಗೋವಾ ಎದುರು ಸೆಮಿಫೈನಲ್‌ನ ಮೊದಲ ಲೆಗ್, 2-0 ಗೆಲುವು. ಹತ್ತು ದಿನ ಆದ ಮೇಲೆ ಕೋಲ್ಕತ್ತದಲ್ಲಿ ಫೈನಲ್. ಮೋಹನ್ ಬಾಗನ್ ಎದುರು ಮುಂದಿದ್ದೆವು, ಎಕ್ಸ್‌ಟ್ರಾ ಟೈಮ್‌ನಲ್ಲಿ 2-1ಕ್ಕೆ ಸೋತೆವು. ಸರಿ, ಸೆಪ್ಟೆಂಬರ್‌ನಲ್ಲಿ ನೋಡಿಕೊಳ್ಳೋಣ ಅಂದುಕೊಂಡು ಬ್ಯಾನರ್ ಮಡಚಿಟ್ಟೆವು. ಆ ಸೆಪ್ಟೆಂಬರ್ ಬರಲೇ ಇಲ್ಲ.

ಏನಾಯಿತು ಅನ್ನೋದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಸ್ಟ್ಯಾಂಡಿನಲ್ಲಿ ಕೂತವರಿಗೆ ಅದು ಹೇಗೆ ಕಂಡಿತು ಅಂತ ಹೇಳಬೇಕು. ಲೀಗ್ ನಡೆಸುವ ಕಂಪನಿಗೂ ನಿಮಗೂ 2010ರಲ್ಲಿ ಒಪ್ಪಂದ ಆಯಿತು. 15 ವರ್ಷಕ್ಕೆ 700 ಕೋಟಿ ರೂಪಾಯಿ. ಅದು 2025ರ ಡಿಸೆಂಬರ್ 8ಕ್ಕೆ ಮುಗಿಯುತ್ತದೆ ಅನ್ನೋದು ಸಹಿ ಹಾಕಿದ ದಿನವೇ ಗೊತ್ತಿತ್ತು. ಮನೆ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಮುಗಿಯುವಾಗ ನಾವೇ ಒಂಬತ್ತನೇ ತಿಂಗಳಿಗೆ ಮಾಲೀಕರ ಹತ್ತಿರ ಮಾತು ತೆಗೆಯುತ್ತೇವೆ. ಇಲ್ಲಿ 15 ವರ್ಷ ಸಮಯ ಇತ್ತು. ಆದರೂ 2025ರ ಜುಲೈ 11ರಂದು ಲೀಗ್ ಸದ್ಯಕ್ಕೆ ಇಲ್ಲ ಎಂಬ ಸುದ್ದಿ ಬಂತು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಮಾತು ಸುಪ್ರೀಂ ಕೋರ್ಟ್ ಮುಟ್ಟಿತು. ನವೆಂಬರ್‌ನಲ್ಲಿ ನೀವು ಕರೆದ ಟೆಂಡರ್‌ಗೆ ಒಂದೂ ಬಿಡ್ ಬರಲಿಲ್ಲ. ಹೊಸ ವರ್ಷ ಹುಟ್ಟಿದ ಮೇಲೆ ಸುನಿಲ್ ಚೆಟ್ರಿ, ಗುರುಪ್ರೀತ್ ಸಿಂಗ್ ಸಂಧು ಅಂಥವರೇ ವಿಡಿಯೊ ಮಾಡಿ, ಫಿಫಾ ಬಂದು ನಮ್ಮನ್ನು ಕಾಪಾಡಲಿ ಎಂದು ಕೇಳಿಕೊಳ್ಳಬೇಕಾಯಿತು. ದೇಶಕ್ಕೆ ಅಷ್ಟೊಂದು ಗೋಲು ಹೊಡೆದ ಚೆಟ್ರಿ ಕೈ ಮುಗಿಯುವ ಸ್ಥಿತಿ ಬರಬಾರದಿತ್ತು.

ಈ ಖಾಲಿ ತಿಂಗಳುಗಳಲ್ಲಿ ನಾವೇನು ಮಾಡಿದೆವು ಗೊತ್ತಾ? ಜಗಳ ಆಡಿದೆವು. ನಮ್ಮ ಸೀಸನ್‌ಗಳ ಮೊದಲ ಪಂದ್ಯಗಳಲ್ಲಿ ಯಾವುದು ಅತಿ ಚೆನ್ನಾಗಿತ್ತು ಅನ್ನೋ ಜಗಳ. ಹೊಸ ಆಟ ಇಲ್ಲದಾಗ ಹಳೆಯದನ್ನೇ ಮೆಲುಕು ಹಾಕಬೇಕಲ್ವಾ?

ಮೊದಲು ಬರುವುದು 2013ರ ಸೆಪ್ಟೆಂಬರ್ 22. ಕ್ಲಬ್ ಹುಟ್ಟಿದ್ದು ಅದೇ ವರ್ಷ ಜುಲೈನಲ್ಲಿ. ಎರಡೇ ತಿಂಗಳಲ್ಲಿ, ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನ ಮೊದಲ ಪಂದ್ಯ, ಎದುರಿಗೆ 1889ರಲ್ಲಿ ಹುಟ್ಟಿದ ಮೋಹನ್ ಬಾಗನ್. ಜಾಗ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಗರುಡಾ ಮಾಲ್‌ಗೆ ಸಿನಿಮಾ ನೋಡಲು ಹೋಗುವವರು ಗೇಟಿನ ಮುಂದೆ ನಿಂತು 'ಒಳಗೇನು ಗಲಾಟೆ' ಅಂತ ಕೇಳುತ್ತಿದ್ದ ಕಾಲ. ಆ ಸ್ಟೇಡಿಯಂ ಚಿಕ್ಕದು. ಸ್ಟ್ಯಾಂಡಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇಲ್ಲ. ಲೈನ್ ಪಕ್ಕ ನಿಂತ ಡಿಫೆಂಡರ್ ಬೈದದ್ದು ನಮಗೆ ಕೇಳಿಸುತ್ತದೆ, ನಾವು ಬೈದದ್ದು ಅವನಿಗೆ ಕೇಳಿಸುತ್ತದೆ. ಆಸ್ಟ್ರೇಲಿಯಾದ ಶಾನ್ ರೂನಿ ಕ್ಲಬ್ಬಿನ ಮೊಟ್ಟಮೊದಲ ಗೋಲು ಹೊಡೆದರು. ಪಂದ್ಯ 1-1.

ಆವತ್ತು ಅಲ್ಲಿದ್ದ ಜನರಲ್ಲಿ ಎರಡು ಥರದವರು ಇದ್ದರು. ಒಂದು ಥರ, ಶನಿವಾರ ರಾತ್ರಿ ಇಂಗ್ಲೆಂಡಿನ ಲೀಗ್ ನೋಡಿ ಬೆಳೆದ ಐಟಿ ಹುಡುಗರು. ಇನ್ನೊಂದು ಥರ, ಆಸ್ಟಿನ್ ಟೌನ್, ಗೌತಮಪುರ, ಹಲಸೂರು ಕಡೆಯ ಹಿರಿಯರು. ಐಟಿಐ, ಎಚ್‌ಎಎಲ್ ತಂಡಗಳ ಆಟ, ಸ್ಟಾಫರ್ಡ್ ಕಪ್ ಎಲ್ಲ ಕಂಡವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ನಿಮಗೆ ಗೊತ್ತಿರಬಹುದು. ಈ ಊರಿಗೆ ಫುಟ್‌ಬಾಲ್ ಹೊಸದಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ತಂಡ ನಾಲ್ಕು ಸಲ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತ್ತು. ಕೊನೆಯದು 1968-69ರ ಸೀಸನ್‌ನಲ್ಲಿ. ಆಮೇಲೆ ಕರ್ನಾಟಕಕ್ಕೆ ಅದು ಮತ್ತೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ, ಅದೂ ದೂರದ ರಿಯಾದ್‌ನಲ್ಲಿ. ಆ ಹಿರಿಯರಲ್ಲಿ ಒಬ್ಬರು 2013ರ ಪಂದ್ಯವನ್ನೇ ಈಗಲೂ ಎಲ್ಲಕ್ಕಿಂತ ಮೇಲೆ ಇಡುತ್ತಾರೆ. ಕಾರಣ ಕೇಳಿದರೆ, 'ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಕೆಳಗೆ ಬಿದ್ದ ಮೇಲೆ ಭಾನುವಾರ ಎಲ್ಲಿಗೆ ಹೋಗೋದು ಅಂತಲೇ ಗೊತ್ತಿರಲಿಲ್ಲ ಕಣಪ್ಪಾ' ಅನ್ನುತ್ತಾರೆ.

ಅದೇ ಸೀಸನ್ ನಾವು ಚಾಂಪಿಯನ್ ಆದೆವು. ಮೊದಲ ವರ್ಷವೇ. ಮಡಗಾಂವ್‌ನಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ.

ಮುಂದಿನ ಐ-ಲೀಗ್ ವರ್ಷಗಳ ಮೊದಲ ಪಂದ್ಯಗಳ ಬಗ್ಗೆ ಗ್ರೂಪಿನಲ್ಲಿ ಯಾರೂ ಹೆಚ್ಚು ಮಾತಾಡಲ್ಲ. ಆ ವರ್ಷಗಳಲ್ಲಿ ಕೊನೆಯ ಪಂದ್ಯಗಳೇ ಜಾಸ್ತಿ ನೆನಪು. 2015ರ ಮೇ 31, ಕಂಠೀರವ, ಮತ್ತೆ ಮೋಹನ್ ಬಾಗನ್. ಗೆದ್ದರೆ ಕಪ್ ನಮ್ಮದು. 87ನೇ ನಿಮಿಷದಲ್ಲಿ ಅವರ ಬೆಲ್ಲೊ ರಜಾಕ್ ಹೆಡ್ ಮಾಡಿ ಗೋಲು ಹೊಡೆದರು, 1-1, ಕಪ್ ಕೋಲ್ಕತ್ತಕ್ಕೆ ಹೋಯಿತು. ಈ ವಿಷಯ ಇಲ್ಲಿಗೇ ಬಿಡೋಣ.

ಐಎಸ್‌ಎಲ್‌ಗೆ ಬಂದದ್ದು 2017ರಲ್ಲಿ. ಆಗ ನಮ್ಮಲ್ಲೇ ಗೊಣಗಾಟ ಇತ್ತು. ಸಿನಿಮಾ ತಾರೆಯರ ಲೀಗು, ಎರಡು ತಿಂಗಳ ತಮಾಷೆ, ನಮಗ್ಯಾಕೆ ಅನ್ನುವವರು ಇದ್ದರು. ನವೆಂಬರ್ 19ರ ಭಾನುವಾರ ಕಂಠೀರವದಲ್ಲಿ ಮುಂಬೈ ಸಿಟಿ ಎದುರು ಮೊದಲ ಪಂದ್ಯ. ಒಂದು ಗಂಟೆಗೂ ಜಾಸ್ತಿ ಹೊತ್ತು ಗೋಲಿಲ್ಲ. 67ನೇ ನಿಮಿಷದಲ್ಲಿ ಸ್ಪೇನಿನ ಎಡು ಗಾರ್ಸಿಯಾ, ಕೊನೆಗೆ ಇಂಜುರಿ ಟೈಮ್‌ನಲ್ಲಿ ಚೆಟ್ರಿ. 2-0. ಗೊಣಗುತ್ತಿದ್ದವರೇ ಕಸ್ತೂರಬಾ ರಸ್ತೆಯ ಉದ್ದಕ್ಕೂ ಕೂಗಿಕೊಂಡು ಹೋದರು.

ಆದರೆ ನನ್ನ ಓಟು 2018ಕ್ಕೆ. ಕಾರಣ ಇದೆ. ಆ ವರ್ಷ ಮಾರ್ಚ್ 17ರಂದು ಫೈನಲ್ ನಮ್ಮ ಕಂಠೀರವದಲ್ಲೇ ನಡೆದಿತ್ತು. ಚೆನ್ನೈಯಿನ್ ಎಫ್‌ಸಿ ಎದುರು. ಒಂಬತ್ತನೇ ನಿಮಿಷಕ್ಕೇ ಚೆಟ್ರಿ ಗೋಲು. ಆಮೇಲೆ ಮೈಲ್ಸನ್ ಆಲ್ವೆಸ್ ಎರಡು ಸಲ ಎತ್ತರಕ್ಕೆ ಹಾರಿ ಹೆಡ್ ಮಾಡಿದರು, 3-2ಕ್ಕೆ ಸೋತೆವು. ನಮ್ಮ ಮನೆಯಂಗಳದಲ್ಲಿ ಪಕ್ಕದ ರಾಜ್ಯದವರು ಕಪ್ ಎತ್ತಿದ್ದು ನೋಡುತ್ತಾ ನಿಂತಿದ್ದೆವು. ಆಮೇಲೆ ಹೊಸ ಸೀಸನ್‌ನ ವೇಳಾಪಟ್ಟಿ ಬಂತು. ಸೆಪ್ಟೆಂಬರ್ 30, ಅದೇ ಮೈದಾನ, ಅದೇ ಚೆನ್ನೈಯಿನ್. ಅದನ್ನು ಹಾಗೆ ಜೋಡಿಸಿದವರು ಯಾರೋ ಗೊತ್ತಿಲ್ಲ, ಅವರಿಗೆ ಒಂದು ನಮಸ್ಕಾರ. ವೆನೆಜುವೆಲಾದ ಮಿಕು 41ನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲು, 1-0. ಕೋಚ್ ಆಗಿ ಕಾರ್ಲೆಸ್ ಕ್ವಾದ್ರಾತ್ ಅವರ ಮೊದಲ ಲೀಗ್ ಪಂದ್ಯ ಅದು. ಅದೇ ಸೀಸನ್ ಕೊನೆಯಲ್ಲಿ ಮುಂಬೈನಲ್ಲಿ ರಾಹುಲ್ ಭೇಕೆ ಎಕ್ಸ್‌ಟ್ರಾ ಟೈಮ್‌ನಲ್ಲಿ ಹೆಡ್ ಮಾಡಿ ಕಪ್ ತಂದುಕೊಟ್ಟರು. ಆ ಕಪ್ಪಿನ ದಾರಿ ಸೆಪ್ಟೆಂಬರ್ 30ಕ್ಕೇ ಶುರುವಾಗಿತ್ತು ಅಂತ ನನ್ನ ವಾದ. ಬೇರೆಯವರು ಒಪ್ಪಲ್ಲ, ಬಿಡಿ.

ಚಾಂಪಿಯನ್ ಆದ ಮೇಲಿನ ಮೊದಲ ಪಂದ್ಯ ಹೇಗಿರಬೇಕು ಹೇಳಿ? ಹಬ್ಬದ ಹಾಗಿರಬೇಕು. 2019ರ ಅಕ್ಟೋಬರ್ 21 ಯಾವ ವಾರ ನೋಡಿ. ಸೋಮವಾರ. ಸಂಜೆ ಏಳೂವರೆಗೆ ಆಟ. ವೈಟ್‌ಫೀಲ್ಡ್‌ನಿಂದ ಆಫೀಸು ಮುಗಿಸಿ ಕಂಠೀರವಕ್ಕೆ ಸೋಮವಾರ ಏಳೂವರೆಗೆ ಬರಲು ಸಾಧ್ಯ ಅಂದುಕೊಂಡವರು ಬೆಂಗಳೂರಿನ ರಸ್ತೆ ಕಂಡವರಲ್ಲ. ನಾರ್ತ್‌ಈಸ್ಟ್ ಯುನೈಟೆಡ್ ಎದುರು ಪಂದ್ಯ 0-0. ಅವರ ಕಡೆ ಘಾನಾದ ಅಸಮೊವಾ ಜ್ಯಾನ್ ಇದ್ದರು. ವಿಶ್ವಕಪ್ ಆಡಿದ ಆಟಗಾರನನ್ನು ಇಷ್ಟು ಹತ್ತಿರದಿಂದ ನೋಡಿದ್ದೇ ಆವತ್ತಿನ ಲಾಭ.

ಆಮೇಲೆ ಎರಡು ವರ್ಷ ಕೋವಿಡ್. ಎಲ್ಲ ಪಂದ್ಯ ಗೋವಾದಲ್ಲಿ, ಸ್ಟ್ಯಾಂಡು ಖಾಲಿ. 2020ರ ನವೆಂಬರ್ 22ರಂದು ಗೋವಾ ಎದುರು 2-0 ಮುಂದಿದ್ದೆವು. 66 ಮತ್ತು 69ನೇ ನಿಮಿಷದಲ್ಲಿ ಇಗೋರ್ ಅಂಗುಲೊ ಎರಡು ಹೊಡೆದು ಸಮ ಮಾಡಿದರು. ಮರುವರ್ಷ ನಾರ್ತ್‌ಈಸ್ಟ್ ಎದುರು 4-2. ಮೊದಲ ಅರ್ಧದಲ್ಲೇ ಐದು ಗೋಲು ಬಿದ್ದವು. ಗೋಲಿನ ಲೆಕ್ಕ ಹಿಡಿದರೆ ಅದೇ ಅತಿ ಮಜಾ ಇದ್ದ ಮೊದಲ ಪಂದ್ಯ. ಆದರೆ ನಮ್ಮ ಜಗಳದಲ್ಲಿ ಅದಕ್ಕೆ ಒಬ್ಬರೂ ಓಟು ಹಾಕಲಿಲ್ಲ. ಪಂಚೆ ಉಟ್ಟು ಸೋಫಾದ ಮೇಲೆ ಕೂತು ನೋಡಿದ ಪಂದ್ಯ ಯಾರಿಗೆ ನೆನಪಿರುತ್ತದೆ?

2022ರ ಅಕ್ಟೋಬರ್ 8, ಶನಿವಾರ. ಎರಡೂವರೆ ವರ್ಷ ಆದ ಮೇಲೆ ಕಂಠೀರವಕ್ಕೆ ಲೀಗ್ ವಾಪಸ್ ಬಂತು. ಈ ಪಂದ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಕೇಳುತ್ತಿರುವುದಕ್ಕೂ ಇದಕ್ಕೂ ಸಂಬಂಧ ಇದೆ.

ಮೊದಲ ಪಂದ್ಯ ಅಂದರೆ ಸ್ಟ್ಯಾಂಡಿನವರಿಗೆ 90 ನಿಮಿಷದ ಆಟ ಅಷ್ಟೇ ಅಲ್ಲ. ಟಿಫೋ ಮಾಡಬೇಕು. ಅಂದರೆ ಆಟ ಶುರುವಾಗುವ ಮುಂಚೆ ಇಡೀ ಸ್ಟ್ಯಾಂಡ್ ಮುಚ್ಚುವ ಹಾಗೆ ಎತ್ತುವ ಚಿತ್ರದ ಬಟ್ಟೆ. ಚಿಕ್ಕಪೇಟೆಯಿಂದ ಬಿಳಿ ಕೋರಾ ಬಟ್ಟೆ ಥಾನುಗಟ್ಟಲೆ ತರುತ್ತೇವೆ. ಟೈಲರ್ ಹತ್ತಿರ ಹೊಲಿಸಿ ಒಂದು ಮಾಡುತ್ತೇವೆ. ರಾತ್ರಿ ಯಾರದಾದರೂ ಮನೆಯ ತಾರಸಿಯಲ್ಲಿ ಗೋಡೆಗೆ ಕಟ್ಟಿ, ಪ್ರೊಜೆಕ್ಟರ್‌ನಲ್ಲಿ ಚಿತ್ರ ಬಿಟ್ಟು, ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತೇವೆ. ಆಮೇಲೆ ನೆಲಕ್ಕೆ ಹಾಸಿ, ಗೋಡೆಗೆ ಬಳಿಯುವ ಪೇಂಟನ್ನೇ ನೀರು ಬೆರೆಸಿ ಬ್ರಷ್ ಹಿಡಿಯುತ್ತೇವೆ. ಪೇಂಟ್ ಗಟ್ಟಿಯಾದರೆ ಬಟ್ಟೆ ಮಡಚುವಾಗ ಬಿರಿಯುತ್ತದೆ, ನೀರಾದರೆ ಹರಡಿಕೊಳ್ಳುತ್ತದೆ. ಮಳೆ ಬಂದರೆ ಎಲ್ಲ ಎತ್ತಿಕೊಂಡು ಕೆಳಗೆ ಓಡಬೇಕು. ಬೆಂಗಳೂರಿನ ಅಕ್ಟೋಬರ್ ಮಳೆ ನಿಮಗೂ ಗೊತ್ತಲ್ವಾ. ಎಲ್ಲರಿಗೂ ಕೆಲಸ ಇದೆ, ಆದ್ದರಿಂದ ಶನಿವಾರ ಭಾನುವಾರ ಮಾತ್ರ ಈ ಕೆಲಸ. ಮೂರು ವಾರಾಂತ್ಯ ಬೇಕೇ ಬೇಕು. ಅದರ ಜೊತೆ ಡ್ರಮ್ಮು, ಬ್ಯಾನರ್ ಒಳಗೆ ಬಿಡಲು ಮುಂಚೆಯೇ ಅನುಮತಿ ಪಡೆಯಬೇಕು. ಯಾರು ತರುತ್ತಾರೆ, ಎಷ್ಟು ದೊಡ್ಡದು, ಏನು ಬರೆದಿದೆ ಎಲ್ಲ ಹೇಳಬೇಕು.

ಆ ವರ್ಷ ತಾರೀಖು ಮುಂಚೆ ಗೊತ್ತಿತ್ತು. ಅಷ್ಟು ಹೊತ್ತಿಗೆ ತಂಡ ಡ್ಯುರಾಂಡ್ ಕಪ್ ಕೂಡ ಗೆದ್ದು ತಂದಿತ್ತು. ತುಮಕೂರಿನಿಂದ ರೈಲಿನಲ್ಲಿ ಬರುವ ಮೇಷ್ಟ್ರೊಬ್ಬರು ಇದ್ದಾರೆ. ಅವರು ಆವತ್ತು ತಮ್ಮ ಮಗಳನ್ನು ಮೊದಲ ಸಲ ಕರೆದುಕೊಂಡು ಬಂದಿದ್ದರು. ಹುಡುಗಿಗೆ ಆಟಕ್ಕಿಂತ ಡ್ರಮ್ಮಿನ ಮೇಲೆ ಕಣ್ಣು. ಎದುರಾಳಿ ಮತ್ತೆ ನಾರ್ತ್‌ಈಸ್ಟ್. 80 ನಿಮಿಷ ಆದರೂ ಏನೂ ಆಗಲಿಲ್ಲ. ಗಂಟಲು ಕಟ್ಟಿತ್ತು. ಅಪ್ಪ ಕೊನೆಯ ರೈಲಿನ ಟೈಮ್ ನೋಡಿಕೊಳ್ಳುತ್ತಿದ್ದರು, ಮಗಳು ಅವರ ಕೈಯಿಂದ ಫೋನ್ ಕಿತ್ತುಕೊಂಡಳು. 87ನೇ ನಿಮಿಷದಲ್ಲಿ ಬ್ರೆಜಿಲ್‌ನ ಅಲನ್ ಕೋಸ್ಟಾ ಗೋಲು. ಡಿಫೆಂಡರ್ ಹೊಡೆದ ಗೋಲು! ಹಿಂದಿನ ಸಾಲಿನವರು ನಮ್ಮ ಮೇಲೆ ಬಿದ್ದರು, ನಾವು ಮುಂದಿನವರ ಮೇಲೆ ಬಿದ್ದೆವು. ಆ ಹುಡುಗಿ ಈಗ ಅಪ್ಪನಿಗಿಂತ ಮುಂಚೆ 'ಮ್ಯಾಚ್ ಯಾವಾಗ' ಅಂತ ಕೇಳುತ್ತಾಳೆ. ಕಳೆದ ಜುಲೈನಿಂದ ಮೇಷ್ಟ್ರ ಹತ್ತಿರ ಆ ಪ್ರಶ್ನೆಗೆ ಉತ್ತರ ಇಲ್ಲ.

2023ರ ಮೊದಲ ಪಂದ್ಯದ ಬಗ್ಗೆ ನಿಮ್ಮನ್ನೇ ಒಂದು ಮಾತು ಕೇಳಬೇಕು. ಸೆಪ್ಟೆಂಬರ್ 21, ಕೊಚ್ಚಿ, ಕೇರಳ ಬ್ಲಾಸ್ಟರ್ಸ್. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ಮೈದಾನದಲ್ಲಿ ಚೆಟ್ರಿಯ ಫ್ರೀ ಕಿಕ್ ವಿಚಾರಕ್ಕೆ ಸಿಟ್ಟಾಗಿ ಆಟ ಬಿಟ್ಟು ಹೋದವರು ಅವರು. ಹಾಗಾಗಿ ಇಡೀ ದೇಶದ ಕಣ್ಣು ಆ ಪಂದ್ಯದ ಮೇಲಿತ್ತು. ಅದೇ ದಿನ ಮಧ್ಯಾಹ್ನ ಚೆಟ್ರಿ ಎಲ್ಲಿದ್ದರು? ಚೀನಾದ ಹಾಂಗ್‌ಝೌನಲ್ಲಿ, ಏಷ್ಯನ್ ಗೇಮ್ಸ್‌ನಲ್ಲಿ. ಬಾಂಗ್ಲಾದೇಶದ ಎದುರು ಕೊನೆಯ ಹೊತ್ತಿಗೆ ಪೆನಾಲ್ಟಿ ಹೊಡೆದು ಭಾರತವನ್ನು 1-0ರಿಂದ ಗೆಲ್ಲಿಸಿದರು. ರಾತ್ರಿ ಕೊಚ್ಚಿಯಲ್ಲಿ ಅವರಿಲ್ಲದ ನಮ್ಮ ತಂಡ 2-1ಕ್ಕೆ ಸೋತಿತು. ಒಂದು ನಮ್ಮದೇ ಸೆಲ್ಫ್ ಗೋಲು, ಇನ್ನೊಂದು ಅಡ್ರಿಯನ್ ಲೂನಾ ಹೊಡೆದದ್ದು. 90ನೇ ನಿಮಿಷದಲ್ಲಿ ಕರ್ಟಿಸ್ ಮೈನ್ ಒಂದು ವಾಪಸ್ ಕೊಟ್ಟರು, ಅಷ್ಟೇ. ಐಎಸ್‌ಎಲ್‌ನಲ್ಲಿ ನಾವು ಸೀಸನ್‌ನ ಮೊದಲ ಪಂದ್ಯ ಸೋತದ್ದು ಅದೇ ಮೊದಲು. ಸೋಲು ಗೆಲುವು ಇದ್ದದ್ದೇ, ಆ ವರ್ಷ ಹತ್ತನೇ ಸ್ಥಾನಕ್ಕೆ ಇಳಿದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ದೇಶದ ನಾಯಕ ದೇಶಕ್ಕೆ ಆಡುವ ದಿನವೇ ದೇಶದ ಲೀಗ್ ಶುರು ಮಾಡುವ ತುರ್ತು ಏನಿತ್ತು? ಏಷ್ಯನ್ ಗೇಮ್ಸ್ ತಾರೀಖು ರಾತ್ರೋರಾತ್ರಿ ಬಂದದ್ದಲ್ಲ.

2024 ಚೆನ್ನಾಗಿತ್ತು. ಸೆಪ್ಟೆಂಬರ್ 14, ಶನಿವಾರ, ಕಂಠೀರವ, ಈಸ್ಟ್ ಬೆಂಗಾಲ್. ಅವರ ಕೋಚ್ ನಮಗೆ ಕಪ್ ತಂದುಕೊಟ್ಟ ಕ್ವಾದ್ರಾತ್. ಅವರ ತಂಡದಲ್ಲಿ ನಮ್ಮ ಹಳೆಯ ಆಟಗಾರ ಕ್ಲೀಟನ್ ಸಿಲ್ವ. ಹಳೆಯ ನಂಟಸ್ತಿಕೆ ಎಲ್ಲ ಎದುರು ಪಾಳೆಯದಲ್ಲಿ. ಗೋಲು ಹೊಡೆದದ್ದು ಕ್ಲಬ್ಬಿನ ಕಿರಿಯರ ತಂಡದಿಂದ ಬಂದ 19ರ ಹುಡುಗ ವಿನೀತ್ ವೆಂಕಟೇಶ್. 25ನೇ ನಿಮಿಷ, 1-0. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗನ ಹೆಸರನ್ನು ಸ್ಟೇಡಿಯಂ ಒಟ್ಟಿಗೆ ಕೂಗಿದಾಗ ಆಸ್ಟಿನ್ ಟೌನಿನ ಆ ಹಿರಿಯರು ಎದ್ದು ನಿಂತಿದ್ದರು. ಮಂಡಿ ನೋವು ಅಂತ ಅವರು ಸಾಮಾನ್ಯವಾಗಿ ಏಳಲ್ಲ.

ಅಂಥ ಹುಡುಗನಿಗೆ ಮುಂದಿನ ಸೆಪ್ಟೆಂಬರ್ ಎಷ್ಟು ಮುಖ್ಯ ಅಂತ ಯೋಚಿಸಿ. ನಮಗಾದರೂ ಹಳೆಯ ಪಂದ್ಯಗಳ ಜಗಳ ಇದೆ. 20ರ ವಯಸ್ಸಿನ ಆಟಗಾರ ತಿಂಗಳುಗಟ್ಟಲೆ ಲೀಗ್ ಇಲ್ಲದೆ ಕಳೆದರೆ ಆ ದಿನಗಳು ಮತ್ತೆ ಸಿಗಲ್ಲ. ನಡುವೆ ಗೋವಾದಲ್ಲಿ ಸೂಪರ್ ಕಪ್ ನಡೆಯಿತು ನಿಜ. ಅದು ಬೆರಳೆಣಿಕೆಯ ಪಂದ್ಯಗಳು.

ಈಗ ನಮ್ಮ ಬೇಡಿಕೆ. ಬಾಕಿ ಇರುವುದು ಕೆಲವೇ ವಾರ, ಹಾಗಾಗಿ ಈ ಸಲ ಅವಸರ ಆಗುತ್ತದೆ, ಅರ್ಥವಾಗುತ್ತದೆ. ಆದರೆ ಪೂರ್ತಿ ವೇಳಾಪಟ್ಟಿ ಸಿದ್ಧವಾಗುವ ತನಕ ಕಾಯಬೇಡಿ. ಪ್ರತಿ ಊರಿನ ಮೊದಲ ಪಂದ್ಯ ಯಾವತ್ತು, ಎಲ್ಲಿ ಅನ್ನೋದನ್ನಾದರೂ ಮೊದಲು ಹೇಳಿಬಿಡಿ. ಒಂದು ತಂಡದ ಎದುರು ಒಂದೇ ಆಟ ಅಂದಮೇಲೆ ಊರಲ್ಲಿ ಸಿಗುವ ಪಂದ್ಯ ಆರೋ ಏಳೋ ಅಷ್ಟೇ. ಅದರಲ್ಲಿ ಮೊದಲನೆಯದನ್ನು ಸೋಮವಾರಕ್ಕೋ ಬುಧವಾರಕ್ಕೋ ಹಾಕಬೇಡಿ, ದಮ್ಮಯ್ಯ.

ಕಂಠೀರವದ ವಿಷಯವನ್ನೂ ಈಗಲೇ ಬಗೆಹರಿಸಿಕೊಳ್ಳಿ. ಅದು ಮೂಲತಃ ಅಥ್ಲೆಟಿಕ್ಸ್ ಸ್ಟೇಡಿಯಂ. ಓಟಗಾರರಿಗೂ ಫುಟ್‌ಬಾಲಿಗೂ ಅಲ್ಲಿ ನಡೆದ ಜಗಳ ಹೈಕೋರ್ಟ್‌ವರೆಗೂ ಹೋಗಿತ್ತು. ಅವರ ದೂರಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ, ಟ್ರ್ಯಾಕ್ ಅವರದು. ಮುಂಚೆ ತಾರೀಖು ಕೊಟ್ಟರೆ ಅವರೂ ತಮ್ಮ ತರಬೇತಿ, ಕೂಟಗಳನ್ನು ಹೊಂದಿಸಿಕೊಳ್ಳುತ್ತಾರೆ. ಇನ್ನೊಂದು ಮಾತು. ಕಳೆದ ಜೂನ್ 4ರಂದು ಕಬ್ಬನ್ ಪಾರ್ಕ್‌ನ ಆಚೆ ಬದಿ, ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಒಂದೇ ದಿನದಲ್ಲಿ ಎಲ್ಲ ನಿರ್ಧಾರ ಮಾಡಿ ಜನ ಸೇರಿಸಿದರೆ ಏನಾಗುತ್ತದೆ ಅಂತ ಈ ಊರು ನೋಡಿದೆ. ಪೊಲೀಸರು, ಅಗ್ನಿಶಾಮಕದವರು ಜಾಸ್ತಿ ಸಮಯ ಕೇಳಿದರೆ ಅದು ಸರಿಯೇ. ಅವರಿಗೆ ಆ ಸಮಯ ಕೊಡುವ ಜವಾಬ್ದಾರಿ ತಾರೀಖು ಗೊತ್ತು ಮಾಡುವವರದು.

ಮುಂದಿನ ಸೀಸನ್‌ಗೆ ಸೆಪ್ಟೆಂಬರ್ ವಾಪಸ್ ಕೊಡಿ. ಆ ತಾರೀಖನ್ನು ಈ ಸೀಸನ್ ಮುಗಿಯುವ ಮುಂಚೆಯೇ ಬರೆದು ಅಂಟಿಸಿ. ದೇಶದ ತಂಡದ ಕ್ಯಾಲೆಂಡರನ್ನು ಪಕ್ಕದಲ್ಲಿ ಇಟ್ಟುಕೊಂಡೇ ಬರೆಯಿರಿ. ಯಾರು ಪ್ರಸಾರ ಮಾಡುತ್ತಾರೆ, ಯಾರಿಗೆ ಎಷ್ಟು ಪಾಲು ಅನ್ನೋ ಮಾತುಕತೆ ನಿಮ್ಮದು ಮತ್ತು ಕ್ಲಬ್‌ಗಳದು. ಅದರಲ್ಲಿ ನಮಗೆ ಕುರ್ಚಿ ಇಲ್ಲ, ಕೇಳುತ್ತಲೂ ಇಲ್ಲ.

ಸದ್ಯಕ್ಕೆ ನಮಗೆ ಬೇಕಾದದ್ದು ಫೆಬ್ರುವರಿಯ ಒಂದು ತಾರೀಖು. ಆಸ್ಟಿನ್ ಟೌನಿನ ಹಿರಿಯರು ಡಾಕ್ಟರ ಅಪಾಯಿಂಟ್‌ಮೆಂಟ್ ಮುಂದೆ ಹಾಕಿ ಕೂತಿದ್ದಾರೆ. ಮೇಷ್ಟ್ರ ಮಗಳಿಗೆ ಪರೀಕ್ಷೆ ಹತ್ತಿರ ಬರುತ್ತಿದೆ. ಟಿಫೋಗೆ ಚಿತ್ರ ರೆಡಿ ಇದೆ, ತಾರಸಿಯೂ ಸಿಕ್ಕಿದೆ, ಬಟ್ಟೆ ಮಾತ್ರ ತಂದಿಲ್ಲ. ಚಿಕ್ಕಪೇಟೆಯಲ್ಲಿ ಭಾನುವಾರ ನಮ್ಮ ಅಂಗಡಿ ಮುಚ್ಚಿರುತ್ತದೆ. ಶುಕ್ರವಾರದೊಳಗೆ ಹೇಳಿದರೆ ಶನಿವಾರ ಬೆಳಿಗ್ಗೆಯೇ ಹೋಗಿ ತರುತ್ತೇವೆ.

ಇಂತಿ,
ಕಂಠೀರವದ ಪಶ್ಚಿಮ ಸ್ಟ್ಯಾಂಡಿನ ಒಬ್ಬ ಅಭಿಮಾನಿ